ಜಗಳದ ಅರ್ಜಿ ನಂಬಿದ ಸಾಹೇಬರಿಗೆ

ಪುಣೆ, ಫೆಬ್ರುವರಿ ೧೯೧೪

ಶಾಂತಿಪಾಲನೆಯ ಹೊಣೆ ಹೊತ್ತ ಮ್ಯಾಜಿಸ್ಟ್ರೇಟ್ ಸಾಹೇಬರೇ,

ಸ್ವಾರಗೇಟಿನ ಸುಂಕದ ನಾಕೆಯ ಹಿಂದೆ ಇರುವ ಗಾಡಿವಾನರ ಮಸೀದಿಗೆ ತಾವು ಬೀಗ ಹಾಕಿಸಿ ಇವತ್ತಿಗೆ ಐದು ತಿಂಗಳಾಯಿತು. ಮುಸಲ್ಮಾನರು ತಮ್ಮತಮ್ಮಲ್ಲೇ ಹೊಡೆದಾಡಿ ಸಾಯಬಾರದು ಎಂಬ ದೊಡ್ಡ ಮನಸ್ಸಿನಿಂದ ತಾವು ಹಾಗೆ ಮಾಡಿದಿರಿ. ಆದರೆ ಬೀಗ ಬೀಳುವ ಹೊತ್ತಿಗೆ ಆ ಜನರ ಜಗಳ ತೀರಿಹೋಗಿತ್ತು. ರಾಜಿ ಗೊತ್ತಾಗಿ, ಮರುದಿನ ಶುಕ್ರವಾರ ನಮಾಜು ಮುಗಿದ ಮೇಲೆ ಎಲ್ಲರೆದುರು ಅಪ್ಪಿಕೊಳ್ಳಬೇಕೆಂದು ಎರಡೂ ಕಡೆಯವರು ಒಪ್ಪಿದ್ದರು. ಗುರುವಾರ ತಮ್ಮ ಆಜ್ಞೆ ಬಂತು. ಎರಡೂ ಪಕ್ಷದವರು, ಅಂದರೆ ಹೆಸರು ಬರೆದ ಇಪ್ಪತ್ತೆರಡು ಜನ ಹಾಗೂ ಅವರ ಕಡೆಯವರು, ಒಂದೆಡೆ ಸೇರಕೂಡದು, ಮುಖಂಡರು ಒಬ್ಬರು ಇನ್ನೊಬ್ಬರ ಓಣಿಗೆ ಕಾಲಿಡಕೂಡದು, ಮಸೀದಿ ಮುಂದಿನ ಅಪ್ಪಣೆಯವರೆಗೆ ಮುಚ್ಚಿರತಕ್ಕದ್ದು. ಅಂದಿನಿಂದ ಈ ಜನ ಶಾಂತಿಯ ಆಜ್ಞೆಗೆ ಹೆದರಿ ಶಾಂತಿ ಮಾಡಿಕೊಳ್ಳಲಾರದೆ ಕೂತಿದ್ದಾರೆ. ಆಜ್ಞೆಯ ಅವಧಿ ಎರಡು ತಿಂಗಳು ಎಂದು ಕಾಯಿದೆ ಹೇಳುತ್ತದೆ. ತಾವು ಅದನ್ನು ಎರಡು ಸಲ ಹೊಸದಾಗಿ ಹೊರಡಿಸಿದ್ದೀರಿ. ಮೂರನೆಯದು ಈಗ ನಡೆಯುತ್ತಿದೆ.

ಈ ಪತ್ರ ಕನ್ನಡದಲ್ಲೇಕೆ, ಪುಣೆಯಲ್ಲಿ ಕೂತವನು ಧಾರವಾಡದ ವಾರಪತ್ರಿಕೆಗೆ ಬರೆಯುವುದೇಕೆ ಎಂದು ತಾವು ಕೇಳಬಹುದು. ಮರಾಠಿಯಲ್ಲಿ ರಾಜಿಯ ಮೂರು ಅರ್ಜಿಗಳನ್ನು ಬರೆದು ನಾನೇ ತಮ್ಮ ಕಚೇರಿಗೆ ಕೊಟ್ಟಿದ್ದೇನೆ. ಅವು ತಮ್ಮ ಮೇಜು ಮುಟ್ಟಿದವೋ, ದಾರಿಯಲ್ಲೇ ತಿರುಗಿದವೋ, ಯಾವ ಕಪಾಟಿನಲ್ಲಿ ಮಲಗಿದವೋ ನಾನರಿಯೆ. ಆದರೆ ದೇಶಭಾಷೆಯ ಪತ್ರಿಕೆಯಲ್ಲಿ ಸರ್ಕಾರದ ವಿಷಯವಾಗಿ ನಾಲ್ಕು ಸಾಲು ಅಚ್ಚಾದರೆ ಮುಂಬಯಿಯ ಸರ್ಕಾರಿ ಭಾಷಾಂತರ ಕಚೇರಿಯವರು ಬಿಡದೆ ಓದಿ, ಇಂಗ್ಲಿಷಿಗೆ ತಿರುಗಿಸಿ, ಸಂಬಂಧಪಟ್ಟ ಅಧಿಕಾರಿಗೆ ಕಳಿಸುತ್ತಾರೆಂದು ಕೇಳಿದ್ದೇನೆ. ಪುಣೆಯಿಂದ ಪುಣೆಗೆ ಹೋಗುವ ಕಾಗದ ಧಾರವಾಡ ಸುತ್ತಿ, ಮುಂಬಯಿ ಸುತ್ತಿ ಬರುವುದೇ ಹತ್ತಿರದ ದಾರಿ ಎಂದು ಗೊತ್ತಾದ ಮೇಲೆ ನಾನೇನು ಮಾಡಲಿ? ಈ ಸಾಲುಗಳನ್ನು ತಿರುಗಿಸುವ ಭಾಷಾಂತರಕಾರ ಮಹಾಶಯರಿಗೂ ಒಂದು ವಿನಂತಿ. ದಯವಿಟ್ಟು ಏನನ್ನೂ ಸೇರಿಸಬೇಡಿ. ಸೇರಿಸಿದ್ದರಿಂದಲೇ ಇಷ್ಟೆಲ್ಲ ಆಗಿದೆ. ಸೇರಿಸಿದವನು ನಾನು.

ನಾನು ಬೈಲಹೊಂಗಲ ಕಡೆಯವನು, ಜಾತಿಯಿಂದ ಲಿಂಗಾಯತ, ಕಸಬಿನಿಂದ ಅರ್ಜಿ ಬರೆಯುವವನು. ತಮ್ಮ ಕಚೇರಿಯ ಎದುರು ಹುಣಸೆ ಮರದ ಕೆಳಗೆ ಡೆಸ್ಕು ಇಟ್ಟುಕೊಂಡು ಹದಿನಾರು ವರ್ಷದಿಂದ ಕೂತಿದ್ದೇನೆ. ತಮ್ಮ ಕುದುರೆ ಬಗ್ಗಿಯ ಧೂಳು ದಿನಕ್ಕೆರಡು ಬಾರಿ ನನ್ನ ಶಾಯಿಯ ಬಟ್ಟಲಿಗೆ ಬೀಳುತ್ತದೆ. ಹಾಗೆ ನೋಡಿದರೆ ನಮಗೆ ಪರಿಚಯವಿದೆ. ಮುಸಲ್ಮಾನರ ಮಸೀದಿಯ ಮಾತಿನಲ್ಲಿ ಲಿಂಗಾಯತನಿಗೇನು ಕೆಲಸ ಎಂದು ಶಿರಸ್ತೇದಾರರು ನನ್ನನ್ನು ಕೇಳಿಯಾಗಿದೆ. ಬೆಳಗಾವಿ ಕಡೆಯಿಂದ ಕಾತ್ರಜದ ಘಾಟು ಇಳಿದು ಬರುವ ಗಾಡಿವಾನರಲ್ಲಿ ಬಹಳ ಜನ ನಮ್ಮ ಭಾಗದವರು. ಮನೆಯಲ್ಲಿ ಉರ್ದು ಆಡಿದರೂ ನನ್ನೊಡನೆ ಕನ್ನಡದಲ್ಲೇ ಮಾತನಾಡುತ್ತಾರೆ. ಪ್ಲೇಗಿನ ವರ್ಷ ನನ್ನ ಹೆಂಡತಿ ಪಾರವ್ವನಿಗೆ ಜ್ವರ ಬಂದಾಗ ನಮ್ಮವರೆನ್ನುವ ಎಲ್ಲರೂ ಊರು ಬಿಟ್ಟಿದ್ದರು. ಆಗ ತಲೆದಿಂಬಿನ ಬಳಿ ಒಂಬತ್ತು ದಿನ ಕೂತವರು ಗಾಡಿವಾನರ ಓಣಿಯ ಜನ್ನತಬಿ. ಓಣಿಯವರಿಗೆಲ್ಲ ಅವರು ಬಡಿಮಾ, ಎಂದರೆ ದೊಡ್ಡಮ್ಮ. ನನಗೂ ಬಡಿಮಾ. ಅವರ ದೊಡ್ಡ ಮಗ ದಾವಲಸಾಬ, ಚಿಕ್ಕ ಮಗ ಮಕ್ತುಂಸಾಬ. ತಮ್ಮ ಆಜ್ಞೆಯಲ್ಲಿ 'ಮೊದಲನೆಯ ಪಕ್ಷದ ಮುಖಂಡ', 'ಎರಡನೆಯ ಪಕ್ಷದ ಮುಖಂಡ' ಎಂದು ಕರೆಸಿಕೊಂಡವರು ಇವರೇ. ಒಂದೇ ತಾಯಿಯ ಮಕ್ಕಳು ಎಂಬುದು ತಮ್ಮ ಫೈಲಿನಲ್ಲಿ ಎಲ್ಲೂ ಇಲ್ಲ, ಏಕೆಂದರೆ ನಾನು ಬರೆದಿರಲಿಲ್ಲ.

ಜಗಳ ಹುಟ್ಟಿದ್ದು ಚಂದ್ರನಿಂದ. ಕಳೆದ ರಮಜಾನಿನ ಇಪ್ಪತ್ತೊಂಬತ್ತನೆಯ ಉಪವಾಸದ ಸಂಜೆ ಪುಣೆಯ ಆಕಾಶದಲ್ಲಿ ಮೋಡ ಕಟ್ಟಿತ್ತು. ಊರಲ್ಲಿ ಯಾರಿಗೂ ಚಂದ್ರ ಕಾಣಲಿಲ್ಲ. ದಾವಲಸಾಬ ಆ ಹೊತ್ತಿಗೆ ಬೆಲ್ಲದ ಗಾಡಿಗಳೊಡನೆ ಕಾತ್ರಜದ ಘಾಟಿನ ತುದಿಯಲ್ಲಿದ್ದ. ಅಲ್ಲಿ ಪಡುವಣ ದಿಕ್ಕು ಒಂದು ಗಳಿಗೆ ತೆರೆಯಿತಂತೆ. ಅವನೂ ಇನ್ನಿಬ್ಬರು ಗಾಡಿವಾನರೂ ಚಂದ್ರನನ್ನು ಕಂಡರು. ಚಂದ್ರನನ್ನು ಕಂಡವರು ಮಸೀದಿಗೆ ಸೇರಿದ ಜನರ ಕೂಟವಾದ ಜಮಾತಿಗೆ ಬಂದು ಸಾಕ್ಷಿ ಹೇಳಬೇಕು, ಜಮಾತು ಆ ಸಾಕ್ಷಿಯನ್ನು ಒಪ್ಪಬೇಕು, ಆಗಲೇ ಮರುದಿನ ಹಬ್ಬ. ಮುಂಜಾನೆ ಅವರು ಹೊಸ ಬಟ್ಟೆ ಉಟ್ಟು ಮಸೀದಿಗೆ ಬಂದರೆ, ಒಳಗಿದ್ದವರು ಮೂವತ್ತನೆಯ ಉಪವಾಸ ಹಿಡಿದಿದ್ದರು. ಮಸೀದಿಯ ಉಸ್ತುವಾರಿ ಮಕ್ತುಂಸಾಬನದು. ಅವನು ಜನರ ನಡುವೆ ನಿಂತು, "ಭಾಯಿ, ನಿನ್ನ ಬಲಗಣ್ಣಿಗೆ ಪೊರಿ ಬಂದದ. ಮೋಡದಾಗ ನೀ ಏನ್ ಕಂಡ್ಯೋ ಏನೋ. ಇಷ್ಟ ಮಂದೀದು ರೋಜಾ ನಿನ್ನ ಕಣ್ಣಿನ ಮ್ಯಾಲೆ ಹೆಂಗ ಮುರೀಲಿ?" ಎಂದ. ಪೊರೆ ಬಂದದ್ದು ನಿಜ. ಎಡಗಣ್ಣು ಚೆನ್ನಾಗಿದೆ ಎಂಬುದೂ ನಿಜ. ಎರಡು ಗುಂಪಾಯಿತು. ಒಬ್ಬರು ಹಬ್ಬದ ನಮಾಜಿಗೆ ಚಾಪೆ ಹಾಸಿದರು, ಇನ್ನೊಬ್ಬರು ಎಳೆದರು. ಈ ಎಳೆದಾಟದಲ್ಲಿ ಒಂದು ಕಂದೀಲಿನ ಗಾಜು ಒಡೆಯಿತು. ಸಾಹೇಬರೇ, ನಡೆದದ್ದು ಇಷ್ಟೇ. ದೇವರ ಮುಂದೆ ಬೇಕಾದರೆ ಹೇಳುತ್ತೇನೆ, ಆದರೆ ದೇವರು ಈ ವಿಷಯದಲ್ಲಿ ಆಜ್ಞೆ ಹೊರಡಿಸಿಲ್ಲ, ತಾವು ಹೊರಡಿಸಿದ್ದೀರಿ.

ಎರಡು ದಿನ ಬಿಟ್ಟು ದಾವಲಸಾಬ ನನ್ನ ಡೆಸ್ಕಿನ ಮುಂದೆ ಬಂದು ಕೂತ. "ಬರೀರಿ ರಾಮಲಿಂಗಪ್ಪನವರ. ನನ್ನ ತಮ್ಮ ನಾಕ ಮಂದ್ಯಾಗ ನನ್ನ ಮಾತ ನಂಬಲಿಲ್ಲ. ಇಷ್ಟ ಬರೀರಿ."

"ಅದಕ್ಕ ಕಾಯ್ದೇದಾಗ ಕಲಂ ಇಲ್ರಿ ದಾವಲಸಾಬ್ರ," ಎಂದೆ ನಾನು. "ತಮ್ಮ ನಂಬಲಿಲ್ಲ ಅಂದ್ರ ಸಾಹೇಬ್ರು ಏನ್ ಮಾಡ್ಯಾರು?"

"ಮತ್ತ ಕಲಂ ಇರೂ ಹಂಗ ಬರೀರಿ."

ಬರೆದೆ. ನಮ್ಮ ಕಸಬಿನಲ್ಲಿ ಒಂದು ಪದ್ಧತಿ ಇದೆ. ಬಂದವನ ದುಃಖ ಕಲಮಿಗೆ ಹೊಂದದಿದ್ದರೆ ಹೊಂದುವವರೆಗೆ ಅದನ್ನು ಹಿಗ್ಗಿಸುತ್ತೇವೆ. ಹಿಗ್ಗಿಸದ ಅರ್ಜಿ ತಮ್ಮ ಕಚೇರಿಯಲ್ಲಿ ಕದಲುವುದಿಲ್ಲ. ಇದನ್ನು ನಮಗೆ ಕಲಿಸಿದ್ದೇ ತಮ್ಮ ಕಚೇರಿ. 'ಎದುರು ಪಕ್ಷದವರು ಬಡಿಗೆ ಹಾಗೂ ಗಾಜಿನ ಆಯುಧಗಳ ಸಮೇತ ಗುಂಪು ಕಟ್ಟಿಕೊಂಡು ಬಂದು ಪ್ರಾಣಭಯ ಒಡ್ಡಿದ್ದು, ತತ್‌ಕ್ಷಣ ಬಂದೋಬಸ್ತು ಆಗದಿದ್ದಲ್ಲಿ ರಕ್ತಪಾತ ಆಗುವ ಸಂಭವ ಇರುತ್ತದೆ' ಎಂದು ಬರೆದೆ. ನೂರಾರು ಸಲ ಬರೆದ ವಾಕ್ಯ ಅದು. ನೀರಿನ ಪಾಳಿಯ ತಂಟೆಗೂ ಅದೇ, ಬೇಲಿಯ ತಂಟೆಗೂ ಅದೇ. ಗಾಜಿನ ಆಯುಧ ಎಂಬುದೊಂದು ಹೊಸದು, ಅದೂ ಕಂದೀಲಿನ ಗಾಜು ನೆನಪಾಗಿ ಸೇರಿಸಿದ್ದು. ಸಂಜೆ ನಾಲ್ಕರ ಸುಮಾರಿಗೆ ಮಕ್ತುಂಸಾಬ ಬಂದ. ಅಣ್ಣ ಅರ್ಜಿ ಕೊಟ್ಟ ಸುದ್ದಿ ಅವನಿಗೆ ಮುಟ್ಟಿತ್ತು. "ಭಾಯಿ ಸಿಟ್ಟಾಗ್ಯಾನ್ರಿ. ಮನಿ ಕಡೆ ಹಾಯವೊಲ್ಲ. ನಾ ಏನ್ ಮಾಡ್ಲಿ, ನೀವ ಹೇಳ್ರಿ," ಎಂದು ಕಣ್ಣಲ್ಲಿ ನೀರು ತಂದುಕೊಂಡ. ಆಗ ನಾನು ಮನುಷ್ಯನಾಗಿದ್ದರೆ ಎದ್ದು ಅವನ ಕೈ ಹಿಡಿದುಕೊಂಡು ಅಣ್ಣನ ಮನೆಗೆ ಹೋಗುತ್ತಿದ್ದೆ. ನಾನು ಅರ್ಜಿ ಬರೆಯುವವನು. ಒಂದು ಕಡೆಯ ಅರ್ಜಿ ಒಳಗೆ ಹೋದ ಮೇಲೆ ಇನ್ನೊಂದು ಕಡೆಯದು ಇರದಿದ್ದರೆ ಇವನಿಗೆ ತೊಂದರೆಯಾದೀತು ಎಂದು ಎಣಿಸಿ, ಅದೇ ಲೇಖನಿಯಿಂದ ಅದೇ ವಾಕ್ಯವನ್ನು ಹೆಸರು ತಿರುಗಿಸಿ ಬರೆದುಕೊಟ್ಟೆ. ಬಡಿಗೆ, ಗಾಜಿನ ಆಯುಧ, ರಕ್ತಪಾತ, ಒಂದನ್ನೂ ಬಿಡಲಿಲ್ಲ. ತಮ್ಮನಿಗೆ ಅಣ್ಣನಿಗಿಂತ ಕಡಿಮೆ ಮಾಡಬಾರದಲ್ಲ.

ತಮ್ಮ ಆಜ್ಞೆಯ ಎರಡನೆಯ ಪರಿಚ್ಛೇದ ನನಗೆ ಬಾಯಿಪಾಠ ಆಗಿದೆ. 'ಪರಸ್ಪರ ವಿರೋಧಿಗಳಾದ ಎರಡು ಪಕ್ಷಗಳಿಂದ ಸ್ವತಂತ್ರವಾಗಿ ಬಂದ ಮಾಹಿತಿಯು ಆಯುಧಗಳ ವಿವರದವರೆಗೂ ಅಕ್ಷರಶಃ ಹೊಂದಿಕೆಯಾಗುವುದರಿಂದ, ಅಪಾಯದ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ.' ಸಾಹೇಬರೇ, ಅಕ್ಷರಶಃ ಹೊಂದಿಕೆಯಾಗದೆ ಏನಾಗುತ್ತದೆ? ಅಕ್ಷರ ಒಬ್ಬನದೇ. ಎರಡು ಕಾಗದವನ್ನೂ ಬದಿಗಿಟ್ಟು ನೋಡಿದ್ದರೆ ಕೈಬರಹ ಒಂದೇ ಎಂದು ತಮ್ಮ ಬಾಗಿಲಲ್ಲಿ ನಿಲ್ಲುವ ಪಟ್ಟೇವಾಲನಿಗೂ ತಿಳಿಯುತ್ತಿತ್ತು. ಗಾಜಿನ ಆಯುಧ ಎಂದರೇನು ಎಂದಾದರೂ ಯಾರನ್ನಾದರೂ ಕರೆದು ಕೇಳಬಹುದಿತ್ತು. ಭಾರತಖಂಡದಲ್ಲಿ ಯಾವ ಸೈನ್ಯ ಗಾಜು ಹಿಡಿದು ಯುದ್ಧಕ್ಕೆ ಹೋಗಿದೆ? ತಾವು ಕೇಳಲಿಲ್ಲ. ನಂಬಿದಿರಿ. ಹದಿನಾರು ವರ್ಷದಲ್ಲಿ ನನ್ನ ಬರಹವನ್ನು ಇಷ್ಟು ಮನಃಪೂರ್ವಕವಾಗಿ ಯಾರೂ ನಂಬಿರಲಿಲ್ಲ.

ಇತ್ತ ನನ್ನ ಅರ್ಜಿಗಳು ತಮ್ಮ ಕಚೇರಿಯಲ್ಲಿ ನಡೆಯುತ್ತಿದ್ದಾಗ ಅತ್ತ ಓಣಿಯಲ್ಲಿ ಬೇರೆ ಕೆಲಸ ನಡೆದಿತ್ತು. ಬುಡನಸಾಬ ಎಂಬ ಮುದುಕರೊಬ್ಬರಿದ್ದಾರೆ. ಗಾಡಿ ಹೊಡೆಯುವುದನ್ನು ಬಿಟ್ಟು ಈಗ ಎತ್ತುಗಳಿಗೆ ಲಾಳ ಕಟ್ಟುತ್ತಾರೆ. ಮುಸಲ್ಮಾನನು ತನ್ನ ಸಹೋದರನೊಡನೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಟ್ಟಿರಬಾರದೆಂದು ಅವರ ಧರ್ಮದಲ್ಲಿದೆ. ಮೂರು ದಿನ ದಾಟಿದ್ದೇ ತಡ, ಬುಡನಸಾಬರು ಎದ್ದರು. ದಾವಲಸಾಬನ ಮನೆಗೆ ಹೋಗಿ, "ನಿನ್ನ ತಮ್ಮ ಹಬ್ಬದ ಶಿರಖುರ್ಮಾ ಬಾಯಾಗ ಇಡಲಿಲ್ಲೋ. ಭಾಯಿ ಇಲ್ದ ಹೆಂಗ ತಿನ್ಲಿ ಅಂತ ಕುಂತಾನ," ಎಂದರು. ಮಕ್ತುಂಸಾಬನ ಮನೆಗೆ ಬಂದು, "ನಿನ್ನ ಅಣ್ಣ ಎತ್ತಿನ ಮುಂದ ನಿಂತು ನಿನ್ನ ಹೆಸರ ತಗದು ಅತ್ತಾನ, ನಾ ಕಣ್ಣಾರೆ ನೋಡೀನಿ," ಎಂದರು. ಅವರು ನೋಡಿರಲಿಲ್ಲ. ಮಕ್ತುಂಸಾಬ ಶಿರಖುರ್ಮಾ ಎರಡು ಬಟ್ಟಲು ತಿಂದಿದ್ದ, ನನಗೆ ಗೊತ್ತು. ಆದರೂ ಅಣ್ಣನ ಮೋರೆ ಇಳಿಯಿತು, ತಮ್ಮನ ದನಿ ಇಳಿಯಿತು, ನಾಲ್ಕನೆಯ ಸಲ ಮುದುಕರು ಹೋಗಿ ಬರುವಷ್ಟರಲ್ಲಿ ಇಬ್ಬರೂ ನಿಜವಾಗಿಯೇ ಅತ್ತಿದ್ದರು.

ಆಮೇಲೆ ನಾನು ಬುಡನಸಾಬರನ್ನು, "ಹಂಗಾರ ನೀವೂ ನನ್ನಂಗ ಕಟ್ಟಿ ಹೇಳೂವ್ರ ಆದ್ರಿ," ಎಂದು ಚೇಷ್ಟೆ ಮಾಡಿದೆ. ಮುದುಕರು ನಗಲಿಲ್ಲ. "ಇಬ್ಬರನ್ನ ಕೂಡ್ಸಾಕ ಒಳ್ಳೇ ಮಾತ ಕಟ್ಟಿ ಹೇಳಿದಾಂವ ಸುಳ್ಳಗಾರ ಅಲ್ಲ ಅಂತ ನಮ್ಮ ಪೈಗಂಬರರು ಹೇಳ್ಯಾರಪ್ಪ. ಅಗಲ್ಸಾಕ ಕಟ್ಟಿ ಹೇಳಿದಾಂವಗ ಏನ್ ಅಂತಾರ, ಅದನ್ನ ನೀ ನಿನ್ನ ಮನಸ್ಸಿನಾಗ ಕೇಳ್ಕೋ," ಎಂದರು. ಕೇಳಿಕೊಂಡೆ. ಇಂದಿಗೂ ಕೇಳಿಕೊಳ್ಳುತ್ತಿದ್ದೇನೆ.

ಬೀಗ ಬಿದ್ದ ಮರುದಿನವೇ ನಾನು ರಾಜಿಯ ಅರ್ಜಿ ಬರೆದೆ. ಎರಡೂ ಕಡೆಯವರ ಹೆಬ್ಬೆರಳು ಒತ್ತಿಸಿ ತಂದೆ. ಅದು ತಿರುಗಿ ಬಂತು. ರಾಜಿಗೆ ಎರಡೂ ಪಕ್ಷದವರು ಒಟ್ಟಿಗೆ ಖುದ್ದಾಗಿ ಹಾಜರಾಗಬೇಕು, ಆದರೆ ಒಟ್ಟಿಗೆ ಬರುವುದಕ್ಕೆ ಆಜ್ಞೆಯ ಅಡ್ಡಿ ಇದೆ, ಆದ್ದರಿಂದ ಮೊದಲು ಪೊಲೀಸರ ವರದಿ ತರಿಸಬೇಕು ಎಂದರು ಶಿರಸ್ತೇದಾರರು. ಪೊಲೀಸರ ವರದಿ ಬಂತು: ಓಣಿಯಲ್ಲಿ ಪೂರ್ಣ ಶಾಂತಿ ಇದೆ, ಆಜ್ಞೆ ಫಲಕಾರಿಯಾಗಿದೆ, ಮುಂದುವರಿಸುವುದು ಯೋಗ್ಯ. ಓಣಿಯಲ್ಲಿ ಗದ್ದಲ ಆಗಿದ್ದರೆ ಆಜ್ಞೆ ಬೇಕೇ ಬೇಕು ಎನ್ನುತ್ತಿದ್ದರು, ಅಲ್ಲವೇ? ಗದ್ದಲ ಮಾಡಿದರೂ ಬೀಗ, ಸುಮ್ಮನಿದ್ದರೂ ಬೀಗ. ಇವರು ಇನ್ನೇನು ಮಾಡಿ ತೋರಿಸಿದರೆ ಬೀಗ ತೆಗೆಯುತ್ತೀರಿ ಎಂಬುದನ್ನಾದರೂ ಒಂದು ಸಲ ಬರೆದು ಅಂಟಿಸಿಬಿಡಿ. ಎರಡನೆಯ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಷರಾ ಬಂತು: 'ಎರಡು ಪಕ್ಷದವರ ಹೇಳಿಕೆಯೂ ಒಂದೇ ಕೈಬರಹದಲ್ಲಿ ಇದ್ದು, ಒಳಸಂಚಿನ ಶಂಕೆಗೆ ಆಸ್ಪದವಿದೆ.' ಜಗಳಕ್ಕೆ ನನ್ನ ಕೈಬರಹ ಪುರಾವೆಯಾಯಿತು, ರಾಜಿಗೆ ಅದೇ ಕೈಬರಹ ಸಂಶಯವಾಯಿತು. ಮೂರನೆಯ ಅರ್ಜಿಗೆ ಉತ್ತರವೇ ಇಲ್ಲ.

ತಮ್ಮ ಹದ್ದಿನ ಆಚೆ, ಘಾಟು ದಾಟಿ ಎಲ್ಲಾದರೂ ಅಣ್ಣತಮ್ಮಂದಿರು ಸೇರಿ ಮಾತು ಮುಗಿಸಬಹುದಿತ್ತಲ್ಲ ಎಂದು ಓದುವವರಿಗೆ ಅನ್ನಿಸೀತು. ನನಗೂ ಅನ್ನಿಸಿತ್ತು. ಬುಡನಸಾಬರು ಒಪ್ಪಲಿಲ್ಲ. "ಜಮಾತಿನ ಮುಂದ ಆಡಿದ ಮಾತು ಜಮಾತಿನ ಮುಂದ ಹಿಂದ ತಗೋಬೇಕು. ಈಗ ಇಬ್ಬರದಷ್ಟ ಅಲ್ಲ, ನಲ್ವತ್ತ ಮನಿ ಎರಡ ಆಗ್ಯಾವ. ಗುಡ್ಡದಾಗ ಕಳ್ಳರಂಗ ಕೈ ಕುಲುಕಿದ್ರ ಇಲ್ಲಿ ಯಾರ ನಂಬ್ತಾರ?" ಎಂದರು. ಇದರ ಮೇಲೆ, ಆಜ್ಞೆ ಮೀರುವುದಿಲ್ಲವೆಂದು ಬರೆದುಕೊಟ್ಟ ಮುಚ್ಚಳಿಕೆಯ ಭಯ ಬೇರೆ. ಇಬ್ಬರಿಗೂ ಜಾಮೀನು ನಿಂತವರು ಬಡ ಗಾಡಿವಾನರು. ಎಲ್ಲೋ ಸೇರಿದರೆಂದು ಯಾರಾದರೂ ಹೇಳಿಕೊಟ್ಟರೆ ಆ ಜನರ ಎತ್ತುಗಾಡಿ ಜಪ್ತಿಯಾಗುತ್ತದೆ. ತಮ್ಮಿಬ್ಬರ ಸಿಟ್ಟಿಗೆ ಇನ್ನೊಬ್ಬರ ಎತ್ತು ಕಳೆಯಬಾರದೆಂದು ಇಬ್ಬರೂ ಸುಮ್ಮನಾದರು. ನಲವತ್ತು ಮನೆಯವರಲ್ಲಿ ಕೆಲವರು ಬೇರೆ ಮಸೀದಿಗಳಿಗೆ ಚದುರಿದರು. ಕೆಲವರು ನಮಾಜಿಗೆ ಹೋಗುವುದನ್ನೇ ಬಿಟ್ಟರು. ಒಂದು ಮದುವೆ ಮುರಿಯಿತು. ಆ ಕಡೆಯ ಹುಡುಗಿ, ಈ ಕಡೆಯ ಹುಡುಗ, ನಿಕಾಹಕ್ಕೆ ಎರಡೂ ಕಡೆಯವರು ಕೂಡುವಂತಿಲ್ಲ. ಬೇಡ ಎಂದವರು ಯಾರೂ ಇರಲಿಲ್ಲ, ಆದರೂ ಮುರಿಯಿತು. ಜನ ಒಬ್ಬರನ್ನೊಬ್ಬರು ನೋಡದೆ ಇದ್ದರೆ ಇಲ್ಲದ ಮಾತುಗಳು ಹುಟ್ಟುತ್ತವೆ. ಸೆಪ್ಟೆಂಬರಿನಲ್ಲಿ ಇಲ್ಲದಿದ್ದ ದ್ವೇಷ ಜನವರಿಯಲ್ಲಿ ಅಲ್ಲಲ್ಲಿ ನನ್ನ ಕಣ್ಣಿಗೆ ಬಿತ್ತು. ಇದು ತಮ್ಮ ಆಜ್ಞೆ ಬೆಳೆಸಿದ ಬೆಳೆ ಎಂದರೆ ತಮಗೆ ಕೋಪ ಬಂದೀತು. ಬರಲಿ.

ಬಡಿಮಾ ಇದ್ದದ್ದು ದೊಡ್ಡ ಮಗನ ಮನೆಯಲ್ಲಿ. ಆ ಓಣಿಗೆ ಚಿಕ್ಕ ಮಗ ಕಾಲಿಡುವಂತಿರಲಿಲ್ಲ. ಹೀಗಾಗಿ ಮಕ್ತುಂಸಾಬ ದಿನಾ ಮಧ್ಯಾಹ್ನ ಓಣಿಯ ಬಾಯಲ್ಲಿ ಬಂದು ನಿಲ್ಲುತ್ತಿದ್ದ, ಮುದುಕಿ ಗೋಡೆ ಹಿಡಿದುಕೊಂಡು ಅಲ್ಲಿಯವರೆಗೆ ಬರುತ್ತಿದ್ದಳು. ಒಂದು ದಿನ ನಾನೂ ಅಲ್ಲಿದ್ದೆ. "ನಿಮ್ಮ ಸಾಹೇಬಗ ತಾಯಿ ಇಲ್ಲೇನೋ ಲಿಂಗಪ್ಪಾ?" ಎಂದು ನನ್ನನ್ನು ಕೇಳಿದಳು. ಇರಬೇಕು ಬಡಿಮಾ, ವಿಲಾಯತಿಯಲ್ಲಿ ಇರಬೇಕು ಎಂದೆ. "ಅಕಿಗೆ ಒಂದು ಕಾಗದ ಬರಿ. ಮಗಾಗ ಬುದ್ಧಿ ಹೇಳು ಅಂತ ಬರಿ," ಎಂದಳು. ನಾವು ಮೂವರೂ ನಕ್ಕೆವು. ಜನವರಿಯ ಮೊದಲ ವಾರದಲ್ಲಿ ಆಕೆಗೆ ಏಳಲಾಗಲಿಲ್ಲ. ಮಗ ತಾಯಿಯನ್ನು ನೋಡಲು ಅಪ್ಪಣೆ ಬೇಕೆಂದು ನಾನು ಬರೆದ ಕಾಗದಕ್ಕೆ ಅಪ್ಪಣೆ ಬಂತು. ಪೊಲೀಸರ ಸಮಕ್ಷಮ ಕಾಲು ಗಂಟೆ ಎಂದಿತ್ತು. ಅದು ನನ್ನ ಕೈಗೆ ಬಂದದ್ದು ಆಕೆಯನ್ನು ಮಣ್ಣು ಮಾಡಿದ ಮೂರನೆಯ ದಿನ.

ಮಣ್ಣು ಮಾಡಿದ್ದನ್ನು ತಮಗೆ ಹೇಳಲೇಬೇಕು. ತಮ್ಮ ಫೈಲಿನಲ್ಲಿ 'ಅಂತ್ಯಯಾತ್ರೆ ಶಾಂತಿಯುತವಾಗಿ ನೆರವೇರಿತು' ಎಂದು ಒಂದು ಸಾಲು ಇರಬಹುದು. ಹೆಣ ಹೊರುವ ಜನಾಜಾ ಮಸೀದಿಯಲ್ಲಿರುತ್ತದೆ, ಮಸೀದಿಗೆ ಬೀಗ. ಮನೆಯ ಹೊರಸಿನ ಮೇಲೆಯೇ ಆಕೆಯನ್ನು ಮಲಗಿಸಿದರು. ಈ ಜನರಲ್ಲಿ ಜನಾಜಾ ಹೆಗಲಿನಿಂದ ಹೆಗಲಿಗೆ ಹೋಗುತ್ತದೆ. ದಾರಿಯಲ್ಲಿ ಹೋಗುವವರೂ ಓಡಿ ಬಂದು ನಾಲ್ಕು ಹೆಜ್ಜೆ ಹೆಗಲು ಕೊಡುತ್ತಾರೆ, ಅದು ಪುಣ್ಯದ ಕೆಲಸ. ಗೋರಿಯವರೆಗೆ ಅದನ್ನು ನೆಲಕ್ಕೆ ಇಳಿಸುವುದಿಲ್ಲ. ಆದರೆ ಹೆಗಲಿನಿಂದ ಹೆಗಲಿಗೆ ಕೊಡಬೇಕಾದರೆ ಎರಡು ಪಕ್ಷದವರು ಒಂದೇ ಜಾಗದಲ್ಲಿ ನಿಲ್ಲಬೇಕಲ್ಲ? ಬಂದೋಬಸ್ತಿಗೆ ಬಂದ ಹವಾಲ್ದಾರ ಕೆಟ್ಟವನಲ್ಲ. ಟೋಪಿ ತೆಗೆದು ಬೆವರು ಒರೆಸಿಕೊಂಡು, "ಹುಕೂಮ್ ಆಹೇ, ಮೀ ಕಾಯ ಕರೂ?" ಆಜ್ಞೆ ಇದೆ, ನಾನೇನು ಮಾಡಲಿ ಎಂದು ಎಲ್ಲರ ಮೋರೆ ನೋಡಿದ. ಕೊನೆಗೆ ಅವನೇ ಒಂದು ಉಪಾಯ ಹೇಳಿದ. ದೊಡ್ಡ ಮಗನ ಕಡೆಯವರು ಅರ್ಧ ದಾರಿ ಹೊತ್ತು, ಇಳಿಸಿ, ಹಿಂದೆ ಸರಿಯಬೇಕು. ಅವರು ಕಣ್ಮರೆಯಾದ ಮೇಲೆ ಚಿಕ್ಕ ಮಗನ ಕಡೆಯವರು ಬಂದು ಎತ್ತಿಕೊಳ್ಳಬೇಕು.

ಯಾರು ಮೊದಲು, ಯಾರು ಆಮೇಲೆ ಎಂದು ಕೇಳಿದಾಗ ದಾವಲಸಾಬ ಹೇಳಿದ ಮಾತನ್ನು ನಾನು ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಬರೆಯುತ್ತೇನೆ. "ಮೊದಲ ನಾವ ಹೊರ್ತೀವಿ. ಮಣ್ಣ ಕೊಡೂದು ಅಂವ ಕೊಡ್ಲಿ. ನಾ ಅವ್ವನ್ನ ದಿನಾ ನೋಡೀನಿ, ಅಂವಗ ಹದಿನೈದ ದಿನದಿಂದ ಮಾರಿ ಕಂಡಿಲ್ಲ." ತಾವು ಐದು ತಿಂಗಳಿಂದ ಬೀಗ ಹಾಕಿ ಕಾಯುತ್ತಿರುವ ವೈರ ಇದು, ಸಾಹೇಬರೇ. ಈ ವೈರದಿಂದ ಪುಣೆಯನ್ನು ಕಾಪಾಡುತ್ತಿದ್ದೀರಿ.

ಹಾಗೆಯೇ ಆಯಿತು. ಸ್ವಾರಗೇಟಿನ ನಾಕೆ ದಾಟಿದ ಮೇಲೆ ರಸ್ತೆಯ ಬದಿಗೆ ಹೊರಸನ್ನು ಇಳಿಸಿದರು. ದಾವಲಸಾಬ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೋದ, ತಾಯಿಗೆ ಬೆನ್ನು ತೋರಿಸಲಿಲ್ಲ. ಅವರು ತಿರುವಿನ ಆಚೆ ಸರಿದು, ಇವರು ಈ ತುದಿಯಿಂದ ಬರುವವರೆಗೆ ಆಕೆಯ ಬಳಿ ಆಕೆಯ ಜನ ಯಾರೂ ಇರುವಂತಿರಲಿಲ್ಲ. ತಮ್ಮ ಆಜ್ಞೆಯ ಇಪ್ಪತ್ತೆರಡು ಹೆಸರುಗಳಲ್ಲಿ ಬುಡನಸಾಬರದೂ ಇದೆ. ಅವರೂ ದೂರ ನಿಲ್ಲಬೇಕಾಯಿತು. ಯಾವ ಪಕ್ಷದಲ್ಲೂ ಇಲ್ಲದವನು ನಾನೊಬ್ಬ. ಮಧ್ಯಾಹ್ನದ ಬಿಸಿಲು, ಗಾಡಿಗಳು ಬರುತ್ತಿದ್ದವು, ಧೂಳು ಏಳುತ್ತಿತ್ತು. ಹೊದಿಸಿದ ಬಿಳಿ ಬಟ್ಟೆಯ ಮೇಲೆ ಧೂಳು ಕೂತಂತೆ ನಾನು ಧೋತರದ ಚುಂಗಿನಿಂದ ಕೊಡವುತ್ತ ನಿಂತೆ. ಅವರ ಪ್ರಾರ್ಥನೆ ನನಗೆ ಬಾರದು. ನಮ್ಮದನ್ನು ಹೇಳಬಹುದೋ ಬಾರದೋ ತಿಳಿಯಲಿಲ್ಲ. "ಬಡಿಮಾ, ಇದೆಲ್ಲಾ ನಾ ಬರದದ್ದು," ಎಂದಷ್ಟೇ ಅಂದೆ. ಜೋರಾಗಿಯೇ ಅಂದೆ. ನನ್ನ ಬದುಕಿನಲ್ಲಿ ಅಷ್ಟು ಅಸಹಾಯಕನಾಗಿ ನಾನು ಎಲ್ಲೂ ನಿಂತಿರಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿ ಕೂತಾಗ ಪಾರವ್ವ ತಾಟು ಇಡಲಿಲ್ಲ. "ನೀವ ಬರದದ್ದು ನೀವ ಅಳಸ್ರಿ, ಆಮ್ಯಾಲೆ ಉಣ್ಣುವಿರಂತ," ಎಂದಳು. ಹೇಗೆ ಅಳಿಸುವುದು? ತಮ್ಮ ಕಚೇರಿಯೊಳಗೆ ಹೋದ ಅಕ್ಷರವನ್ನು ಅಳಿಸುವ ರಬ್ಬರು ಯಾವ ಅಂಗಡಿಯಲ್ಲಿ ಸಿಗುತ್ತದೆ? ದಾವಲಸಾಬ ಮೊನ್ನೆ ನನ್ನ ಡೆಸ್ಕಿನ ಬಳಿ ಬಂದು, "ಮತ್ತೊಂದು ಜಗಳದ ಅರ್ಜಿ ಬರೀರಿ, ಅದಕ್ಕಾದ್ರೂ ಸಾಹೇಬ್ರು ಕರಸ್ತಾರ," ಎಂದ. ನನ್ನ ಕೈ ಏಳಲಿಲ್ಲ.

ಮಾರ್ಚ್ ಮೊದಲ ವಾರದಲ್ಲಿ ಬಡಿಮಾನ ನಲವತ್ತನೆಯ ದಿನ ಬರುತ್ತದೆ. ಆ ದಿನ ಫಾತಿಹಾ ಪ್ರಾರ್ಥನೆ ಓದಿಸಿ, ಜಮಾತಿನ ಎಲ್ಲರನ್ನೂ ಊಟಕ್ಕೆ ಹಾಸುವ ಒಂದೇ ದಸ್ತರಖಾನದ ಮುಂದೆ ಕೂಡಿಸಿ ಊಟ ಹಾಕಬೇಕೆಂಬುದು ಇಬ್ಬರು ಮಕ್ಕಳ ಆಸೆ. ನಲವತ್ತು ಮನೆಯವರು ಒಟ್ಟಿಗೆ ಕೂತು ಆಕೆಯ ಹೆಸರಿನಲ್ಲಿ ಉಂಡರೆ ಈ ಜಮಾತು ಮತ್ತೆ ಒಂದಾಗುತ್ತದೆ. ಆ ದಿನ ತಪ್ಪಿದರೆ ಎರಡು ಕಡೆ ಎರಡು ಊಟ ನಡೆಯುತ್ತದೆ, ಆಮೇಲೆ ಎಲ್ಲವೂ ಎರಡೆರಡೇ. ಬುಡನಸಾಬರ ಹತ್ತಿರ ಕಟ್ಟಿ ಹೇಳಲು ಇನ್ನು ಮಾತು ಉಳಿದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಬೀಗ ತೆಗೆಯಿರಿ, ಆಜ್ಞೆ ರದ್ದು ಮಾಡಿರಿ ಎಂದು ನಾನು ಕೇಳುವುದಿಲ್ಲ. ಕೇಳಿ ಕೇಳಿ ಸಾಕಾಗಿದೆ. ನನ್ನ ಮೇಲೆ ಖಟ್ಲೆ ಹೂಡಿರಿ. ಸರ್ಕಾರಿ ಅಧಿಕಾರಿಗೆ ಗೊತ್ತಿದ್ದೂ ಸುಳ್ಳು ಮಾಹಿತಿ ಕೊಡುವುದು ಅಪರಾಧ, ಅದಕ್ಕೆ ಕಲಂ ಇದೆ, ಅದನ್ನು ನಾನು ತಮಗೆ ಹೇಳಿಕೊಡಬೇಕಾಗಿಲ್ಲ. ಎರಡು ಅರ್ಜಿಯೂ ಸುಳ್ಳು, ಎರಡನ್ನೂ ಬರೆದದ್ದು ನಾನು ಎಂದು ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಒಪ್ಪಿಕೊಂಡಿದ್ದೇನೆ. ಬಡಿಗೆ ಇರಲಿಲ್ಲ, ಗಾಜಿನ ಆಯುಧ ಇರಲಿಲ್ಲ, ಪ್ರಾಣಭಯ ಇರಲಿಲ್ಲ. ಸಾಕ್ಷಿಗಾಗಿ ಆ ಇಪ್ಪತ್ತೆರಡು ಜನರಿಗೂ ಸಮನ್ಸು ಕಳಿಸಿರಿ. ತಮ್ಮ ಆಜ್ಞೆಯ ಕಡೆಯ ಸಾಲನ್ನು ನಾನು ಮೊನ್ನೆಯಷ್ಟೇ ಸರಿಯಾಗಿ ಓದಿದೆ: 'ನ್ಯಾಯಾಲಯದ ಸಮನ್ಸಿನ ಮೇರೆಗೆ ಹಾಜರಾಗುವವರಿಗೆ ಸದರಿ ನಿರ್ಬಂಧ ಅನ್ವಯಿಸತಕ್ಕದ್ದಲ್ಲ.' ಇಡೀ ಪುಣೆಯಲ್ಲಿ ಈ ಇಬ್ಬರು ಅಣ್ಣತಮ್ಮಂದಿರು ಕಾಯಿದೆಯ ಪ್ರಕಾರ ಒಟ್ಟಿಗೆ ನಿಲ್ಲಬಹುದಾದ ಜಾಗ ತಮ್ಮ ಕಚೇರಿಯ ಪಡಸಾಲೆ ಒಂದೇ.

ತಾರೀಖು ಮಾತ್ರ ನಲವತ್ತನೆಯ ದಿನವೇ ಇರಲಿ. ಎಲ್ಲರನ್ನೂ ಹತ್ತು ಗಂಟೆಗೆ ಕರೆಸಿರಿ. ಖಟ್ಲೆಯನ್ನು ಕೂಗಲು ಅವಸರ ಮಾಡಬೇಡಿ. ಯಾವಾಗಲೂ ಮಾಡುವಂತೆ ಅವರನ್ನು ಸಂಜೆಯವರೆಗೆ ಆ ಉದ್ದನೆಯ ಬೆಂಚಿನ ಮೇಲೆ ಕಾಯಿಸಿರಿ. ಊಟದ ಹೊತ್ತಾದರೆ ಬುತ್ತಿ ಬಿಚ್ಚಿಕೊಂಡು ಉಣ್ಣಲಿ, ಪಟ್ಟೇವಾಲರು ಗದರಿಸದಂತೆ ಒಂದು ಮಾತು ಹೇಳಿರಿ. ಶಿಕ್ಷೆ ಎಷ್ಟು ಕೊಟ್ಟರೂ ನನ್ನ ತಕರಾರಿಲ್ಲ. ಇದನ್ನೂ ತಾವು ನಂಬಲಿಕ್ಕಿಲ್ಲ ಎಂದು ನನ್ನ ಒಳಮನಸ್ಸು ಹೇಳುತ್ತಿದೆ. ನಿಜ ಬರೆಯುವ ಅಭ್ಯಾಸ ನನಗಿಲ್ಲ, ಓದುವ ಅಭ್ಯಾಸ ತಮಗಿಲ್ಲ. ಆದರೂ ಆ ದಿನ ಬೆಳಿಗ್ಗೆ ನಾನು ಕೈಗೆ ಬೇಡಿ ಹಾಕಿಸಿಕೊಳ್ಳಲು ಸಿದ್ಧನಾಗಿ, ಪಾರವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಇಟ್ಟುಕೊಂಡು, ಪಡಸಾಲೆಯಲ್ಲಿ ಕೂತಿರುತ್ತೇನೆ. ಗಂಟು ದೊಡ್ಡದಿದೆ. ಇಪ್ಪತ್ತೆರಡು ಜನಕ್ಕೆ ಸಾಕಾಗುತ್ತದೆ.

ಇಂತಿ,
ತಮ್ಮ ನಂಬಿಕೆಗೆ ಪಾತ್ರನಾಗಿ ಕೆಟ್ಟ,
ಸಮನ್ಸಿನ ದಾರಿ ಕಾಯುತ್ತಿರುವ ಆರೋಪಿ,
ರಾಮಲಿಂಗಪ್ಪ, ಅರ್ಜಿ ಬರೆಯುವವನು